ಗೋಡೆಯಾಚೆಯ ಫ್ಯೂಸು

ತಮ್ಮ ತನ್ನ ಕಡೆಯ ಮೇನ್ ಸ್ವಿಚ್ ಆಫ್ ಮಾಡಿಯೇ ಸ್ಟೂಲ್ ಹತ್ತಿದ್ದ. ಆದರೂ ಸೀಲಿಂಗ್ ಫ್ಯಾನಿಗೆಂದು ಇಳಿಬಿಟ್ಟಿದ್ದ ವೈರಿಗೆ ತಾಗಿಸಿದ ಕೂಡಲೇ ಟೆಸ್ಟರಿನ ದೀಪ ಹೊತ್ತಿಕೊಂಡಿತು. ಸಿಟ್ಟಿನಿಂದ ಅವನಿಗೆ ಮೈಯೆಲ್ಲ ಉರಿಯಿತು. ನಾಲ್ಕು ವರ್ಷದ ಹಿಂದೆ ಮನೆ ಪಾಲಾಗಿ ನಡುವೆ ಗೋಡೆ ಎದ್ದಿತ್ತು. ಈ ಒಂದು ವೈರು ಮಾತ್ರ ಅಣ್ಣನ ಮೀಟರಿನಲ್ಲೇ ಉಳಿದಿತ್ತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಸ್ಕ್ರೂಡ್ರೈವರಿನ ಹಿಡಿಯಿಂದ ಗೋಡೆ ಕುಟ್ಟಿದ. "ಗೋಡೆ ಎಬ್ಬಿಸೋಕೆ ಅಷ್ಟು ಅವಸರ ಇತ್ತಲ್ಲ, ವೈರ್ ಬೇರೆ ಮಾಡ್ಸೋಕೆ ಏನ್ ರೋಗ ಬಂದಿತ್ತು? ನಾನು ಶಾಕ್ ಹೊಡೆದು ಸಾಯ್ಲಿ ಅಂತಾನಾ? ಫ್ಯೂಸ್ ಕೀಳು."

ಆಚೆ ಟಿವಿಯ ಸದ್ದು ತಟ್ಟನೆ ನಿಂತಿತು. ಮರುಗಳಿಗೆಯೇ ಅಣ್ಣ ಬಾಗಿಲಲ್ಲಿದ್ದ. ಅರ್ಧ ಮುಖದಲ್ಲಿ ಶೇವಿಂಗ್ ನೊರೆ, ಮುಷ್ಟಿಯಲ್ಲಿ ಫ್ಯೂಸು. "ಅಲ್ಲೇ ಇಟ್ಟು ಬಂದ್ರೆ ನಿನ್ನ ಅತ್ತಿಗೆ ಮಿಕ್ಸಿ ಹಾಕೋಕೆ ಮತ್ತೆ ಸಿಕ್ಕಿಸ್ತಾಳೆ. ನೀನು ಮುಗಿಸೋ ತನಕ ಇದು ನನ್ನ ಕೈಯಲ್ಲೇ ಇರುತ್ತೆ" ಎಂದು ಅವನೂ ಗದರಿದ. "ಬೈಯೋದಿದ್ರೆ ಕೆಳಗಿಳಿದ ಮೇಲೆ ಬೈ."

ತಮ್ಮ ಇನ್ನೊಮ್ಮೆ ಟೆಸ್ಟರ್ ಇಟ್ಟು ನೋಡಿದ. ಹೊತ್ತಲಿಲ್ಲ. ಸಿಟ್ಟು ಇಳಿದಿರಲಿಲ್ಲ, ಆದರೂ ವೈರಿಗೆ ಕೈಹಾಕಿದ.

"ಬೈತೀನಿ, ಬಿಡಲ್ಲ" ಎಂದ, ಹಲ್ಲು ಕಚ್ಚಿಕೊಂಡು. "ಈಗ ಸ್ಟೂಲ್ ಅಲ್ಲಾಡ್ತಿದೆ. ಹಿಡ್ಕೋ ಅಣ್ಣ."