ಬೆಳಕು ಕಾಣದ ತೂತು

ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುವಾಗ ಈಗಲೂ ಪೊನ್ನಂಪೇಟೆ ಹತ್ತಿರದ ನಮ್ಮ ಎಸ್ಟೇಟ್ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಅಪ್ಪ ತೀರಿಹೋದ ಮೇಲೆ ಅಲ್ಲಿ ಅಮ್ಮ, ನಾನು ಇಬ್ಬರೇ. ಮಿಲಿಟರಿಯಲ್ಲಿದ್ದು ಬಂದಿದ್ದ ಅಜ್ಜ, ಅಮ್ಮನ ಅಪ್ಪ, ಆಗಾಗ ನಮ್ಮಲ್ಲಿಗೆ ಬಂದು ಅಮ್ಮನಿಗೆ ರಿವಾಲ್ವರ್ ಹೊಡೆಯಲು ಕಲಿಸುತ್ತಿದ್ದರು. ಅಂದು ಗುರಿ ಹೊಡೆದು ಮುಗಿಸಿ, ಅಮ್ಮ ಅದನ್ನು ಒರೆಸಲು ನನ್ನ ಪಕ್ಕದಲ್ಲೇ ಜಗಲಿ ಮೇಲೆ ಕೂತಳು.

"ಖಾಲಿ ಮಾಡಿದ್ದೀನಪ್ಪ."

"ನೀನು ಹೇಳಿದರೆ ಆಗಲ್ಲ. ಇನ್ನೊಬ್ಬರು ನೋಡಬೇಕು," ಎಂದು ಅಜ್ಜ ಅದನ್ನು ಇಸಿದುಕೊಂಡು, ಗುಂಡು ತುಂಬುವ ಚಕ್ರವನ್ನು ಹೊರಗೆ ಸರಿಸಿ ನನಗೆ ತೋರಿಸಿದರು. ತೂತುಗಳಲ್ಲಿ ಅಂಗಳದ ಬಿಸಿಲು ಕಂಡಿತು.

"ಒಂದರಲ್ಲಿ ಬೆಳಕಿಲ್ಲ, ಅಜ್ಜ."

ಅಜ್ಜ ಬೈಯಲಿಲ್ಲ. ಉಳಿದಿದ್ದ ಗುಂಡನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಅಮ್ಮ ಎಣ್ಣೆಬಟ್ಟೆ ಹಿಂಡುತ್ತ ಕೇಳಿದಳು:

"ಅಪ್ಪ, ಅದರ ಬಾಯಿ ಮಗು ಕಡೆ ಇತ್ತಾ?"

"ಇಲ್ಲ. ನೀನು ಗೋಡೆ ಕಡೆಗೇ ಹಿಡಿದಿದ್ದೆ," ಎಂದರು ಅಜ್ಜ. "ನಾನು ನೋಡ್ತಾನೇ ಇದ್ದೆ."