ಟೊಳ್ಳು ಮರದ ರೇಟು

ನಿಂಗರಾಜು ಮಚ್ಚಿನ ಹಿಂಬದಿಯಿಂದ ಮಾವಿನ ಮರದ ಬುಡಕ್ಕೆ ಮೂರು ಸಲ ತಟ್ಟಿದ. ಸೊಂಟದ ಎತ್ತರಕ್ಕೆ ಇನ್ನೆರಡು ಸಲ. ಖಾಲಿ ಡ್ರಮ್ಮಿಗೆ ಹೊಡೆದ ಹಾಗೆ ಸದ್ದು ಒಳಗೇ ಸುತ್ತಿ ತಡವಾಗಿ ಹೊರಬಂತು. ತಾಂಡವಪುರದ ಮಂಗಳಮ್ಮನ ಹಿತ್ತಲಿನ ಮರ ಅದು. ಕೊಟ್ಟಿಗೆಯ ಶೀಟಿನ ಮೇಲಕ್ಕೆ ವಾಲಿತ್ತು, ತೆಗೆಸಲೇಬೇಕಾಗಿತ್ತು.

“ಟೊಳ್ಳು ಕಣವ್ವಾ,” ಅಂದ.

ಮಂಗಳಮ್ಮ ನಕ್ಕಳು. “ನೀನು ಇದನ್ನೇ ಹೇಳ್ತೀಯ ಅಂತ ಬೆಳಗ್ಗೇನೇ ಗೊತ್ತಿತ್ತು. ಹೋದ ವರ್ಷ ಹೊಲದ ಬದೀಲಿದ್ದ ಹಲಸಿನ ಮರಕ್ಕೂ ಹಿಂಗೇ ತಟ್ಟಿ ಟೊಳ್ಳು ಅಂದೆ. ಸೌದೆ ರೇಟು ಕೊಟ್ಟು ಹೊತ್ಕೊಂಡು ಹೋದೆ. ಅದೇ ಮರದಲ್ಲಿ ಐದು ಬಾಗಿಲು ಚೌಕಟ್ಟು ಕುಯ್ದದ್ದನ್ನ ನನ್ನ ಅಳಿಯ ನಂಜನಗೂಡಿನ ಸಾಮಿಲ್ಲಲ್ಲಿ ಕಣ್ಣಾರೆ ನೋಡವ್ನೆ.”

ಮರದ ವ್ಯಾಪಾರಕ್ಕೆ ಬಂದ ಯಾರೂ ಗಟ್ಟಿ ಮರವನ್ನು ಗಟ್ಟಿ ಅನ್ನುವುದಿಲ್ಲ. ಮಾಲೀಕರ ಮುಂದೆ ತಟ್ಟುವುದು, ತಲೆ ಆಡಿಸುವುದು, ಟೊಳ್ಳು ಅನ್ನುವುದು. ಬೆಲೆಯ ಮಾತು ಆಮೇಲೆ. ಹದಿನೆಂಟು ವರ್ಷದಿಂದ ನಿಂಗರಾಜುವೂ ಹಾಗೇ ಬದುಕಿದ್ದ.

“ಈ ಸಲ ಮರಾನೇ ನಂಗೆ ಬ್ಯಾಡ. ಸೌದೆ ನೀವೇ ಮಡಿಕೊಳ್ಳಿ. ಮನುಷ್ರು ಅತ್ತೋ ಮರ ಅಲ್ಲ ಇದು. ಮೈಸೂರಿಂದ ಕ್ರೇನ್ ತರ್ಸಿ ಮ್ಯಾಲಿಂದ ತುಂಡು ತುಂಡಾಗಿ ಇಳಿಸ್ಬೇಕು. ಕ್ರೇನ್ ಬಾಡಿಗೆನೂ ಸೇರಿ ಹನ್ನೆರಡು ಸಾವಿರ ಕೊಡಿ.”

“ಅದರಲ್ಲಿ ಕ್ರೇನಿನವನು ನಿಂಗೆಷ್ಟು ಕೊಡ್ತಾನೆ?”

“ನಂಜುಂಡಪ್ಪನಾಣೆ ಒಂದು ರೂಪಾಯಿ ಇಲ್ಲ.”

“ಹೋದ ವರ್ಷನೂ ನಂಜುಂಡಪ್ಪನ ಮೇಲೇ ಆಣೆ ಇಟ್ಟಿದ್ದೆ. ಪಾಪ, ಆ ದೇವರನ್ನ ಬಿಡು. ಮಹದೇವ ಬಂದು ನೋಡ್ಕೊಂಡು ಹೋದ. ಮರ ತಗೊಂಡು ನಂಗೇ ಏಳು ಸಾವಿರ ಕೊಡ್ತೀನಿ ಅಂದ. ನೀನು ನನ್ನ ಕೈಯಿಂದಲೇ ಹನ್ನೆರಡು ಕೇಳ್ತೀಯ. ನನ್ನ ಜಾಗದಲ್ಲಿ ನೀನಿದ್ದಿದ್ರೆ ಯಾರಿಗೆ ಕೊಡ್ತಿದ್ದೆ, ಹೇಳು.”

ಮಹದೇವ ನಾಲ್ಕು ವರ್ಷ ನಿಂಗರಾಜುವಿನ ಕೆಳಗೆ ಹಗ್ಗ ಹಿಡಿದವನು. ಯುಗಾದಿ ಕಳೆದ ಮೇಲೆ ತಿ. ನರಸೀಪುರದಲ್ಲಿ ಸೆಕೆಂಡ್ ಹ್ಯಾಂಡ್ ಗರಗಸದ ಮಿಷನ್ ತಗೊಂಡು, ನಿಂಗರಾಜುವಿನ ಗಿರಾಕಿಗಳ ಮನೆಗೇ ಹೋಗಿ ಅವನಿಗಿಂತ ಒಳ್ಳೆಯ ರೇಟು ಹೇಳುತ್ತಿದ್ದ. ನಿಂಗರಾಜು ಅವನನ್ನು ಬಸ್ ಸ್ಟಾಪಿನ ಟೀ ಅಂಗಡಿಯಲ್ಲಿ ಹಿಡಿದ.

“ಲೇ, ಮಂಗಳಮ್ಮಾರ ಮರ ಅತ್ತಬ್ಯಾಡ ಕಣ್ಲಾ. ಟೊಳ್ಳು.”

“ನಂಗೂ ಟೊಳ್ಳು ಅಂತೀಯಲ್ಲ ಅಣ್ಣ,” ಮಹದೇವ ಗ್ಲಾಸು ಕೆಳಗಿಟ್ಟ. “ತಟ್ಟೋದು ಮಾಲೀಕ್ರಿಗೆ ತೋರ್ಸೋ ನಾಟಕ ಅಂತ ನೀನೇ ತಾನೆ ಏಳ್ಕೊಟ್ಟಿದ್ದು?”

“ಓಗಿ ನೀನೇ ತಟ್ಟಿ ನೋಡು.”

“ತಟ್ಟಿದ್ದೀನಿ. ಸದ್ದು ಬಂತು. ಯಾವ ಮರ ತಟ್ಟುದ್ರೂ ಸದ್ದು ಬತ್ತದೆ.”

ಯಾವ ಸದ್ದಿಗೆ ಏನರ್ಥ ಎಂದು ನಿಂಗರಾಜು ಅವನಿಗೆ ಕಲಿಸಿರಲೇ ಇಲ್ಲ. ಕಲಿಸಿದ್ದರೆ ಎರಡೇ ವರ್ಷಕ್ಕೆ ಬೇರೆಯಾಗುತ್ತಿದ್ದ.

“ನಂಗೆ ಆ ಕೆಲಸಾನೇ ಬ್ಯಾಡ ಕಣೋ. ಬಿಟ್ಬುಟ್ಟೆ.”

“ಒಳ್ಳೇದೇ ಆಯ್ತು ಬುಡು. ಟೀ ಕುಡಿ, ದುಡ್ಡು ನಂದು.”

ಮಾರನೇ ದಿನ ಎಂಟು ಗಂಟೆಗೆ ಮಿಷನ್ ಸದ್ದು ಕೇಳಿ ನಿಂಗರಾಜು ಹಿತ್ತಲಿನ ಬೇಲಿಯಾಚೆ ಬಂದು ನಿಂತ. ಮೊದಲ ಕೊಂಬೆ ಸಲೀಸಾಗಿ ಇಳಿಯಿತು. ಮಹದೇವ ಕವಲಿನಲ್ಲಿ ಕೂತು ಅವನನ್ನು ಕಂಡು, “ಟೊಳ್ಳು ಕಣಣ್ಣೋ, ಟೊಳ್ಳು” ಎಂದು ಅಣಕಿಸಿದ. ಕೆಳಗೆ ಹಗ್ಗ ಹಿಡಿದಿದ್ದ ಇಬ್ಬರು ನಕ್ಕರು. ಎರಡನೇ ಕೊಂಬೆಗೆ ಮಿಷನ್ ಇಟ್ಟಾಗ ಬಿಳಿ ಹೊಟ್ಟು ಬರಲಿಲ್ಲ. ಒದ್ದೆ ಗೊಬ್ಬರದಂಥ ಕರಿ ಪುಡಿ ಉದುರಿತು. ಇಳಿಯೋ ಎಂದು ನಿಂಗರಾಜು ಕೂಗಿದ್ದು ಮಿಷನ್ನಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಕವಲಿನಿಂದ ಬುಡದವರೆಗೆ ಮರ ಸೀಳಿತು. ಬೀಳದಿರಲಿ ಎಂದು ಮಹದೇವ ಸೊಂಟಕ್ಕೆ ಕಟ್ಟಿಕೊಂಡಿದ್ದ ಹಗ್ಗದ ಇನ್ನೊಂದು ತುದಿಯೂ ಅದೇ ಮರಕ್ಕಿತ್ತು.

ಮಹದೇವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೆನ್ನು ಕೆಳಗಾಗಿ ಬಿದ್ದ. ಎಚ್ಚರ ಇತ್ತು. ನನ್ನ ಕಾಲೆಲ್ಲಿ, ನನ್ನ ಕಾಲೆಲ್ಲಿ ಎಂದು ನಿಂಗರಾಜುವನ್ನೇ ಕೇಳುತ್ತಿದ್ದ. ಸೌದೆ ತುಂಬಲು ತಂದಿದ್ದ ಟೆಂಪೊದಲ್ಲೇ ಅವನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು.

ಸಂಜೆ ಮಂಗಳಮ್ಮ ಹೇಳಿಕಳಿಸಿದಳು. ನಿಂಗರಾಜು ಆಸ್ಪತ್ರೆಯಿಂದ ನೇರ ಅಲ್ಲಿಗೇ ಬಂದ. ಸೀಳಿ ಉಳಿದ ಅರ್ಧ ಮರ ಇನ್ನಷ್ಟು ಬಗ್ಗಿ ಕೊಟ್ಟಿಗೆಯ ಶೀಟಿಗೆ ತಾಗಿತ್ತು. ಹಸುಗಳನ್ನು ಬೀದಿಯಲ್ಲಿ ಕಟ್ಟಿದ್ದರು.

“ಹೆಂಗವ್ನಪ್ಪ?”

“ಸೊಂಟದಿಂದ ಕೆಳಕ್ಕೆ ಸ್ವಾಧೀನ ಇಲ್ವಂತೆ.”

“ಶಿವನೇ,” ಎಂದು ಮಂಗಳಮ್ಮ ಜಗಲಿಯ ಮೇಲೆ ಕೂತಳು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಒಳಗಿನಿಂದ ಒಂದು ಚೊಂಬು ನೀರು ತರಿಸಿ ಅವನಿಗೆ ಕೊಟ್ಟಳು. ಅವನು ಕುಡಿದು ಮುಗಿಸಿದ ಮೇಲೆ ಕೇಳಿದಳು, “ಉಳಿದಿರೋದನ್ನ ತೆಗೆಯೋಕೆ ಎಷ್ಟು?”

“ಮೊದ್ಲು ಅಂದಿದ್ದೇ. ಹನ್ನೆರಡು.”

ಮಂಗಳಮ್ಮ ಎದ್ದು ಸೀಳಿದ ಬುಡದ ಹತ್ತಿರ ಹೋಗಿ ಒಳಗೆ ಇಣುಕಿದಳು. ಒಬ್ಬ ಆಳು ನಿಲ್ಲುವಷ್ಟು ಜಾಗ ಖಾಲಿಯಿತ್ತು. ಕೈಗೆ ಹತ್ತಿದ ಕರಿ ಪುಡಿಯನ್ನು ಸೆರಗಿಗೆ ಒರೆಸಿಕೊಂಡು ವಾಪಸು ಬಂದಳು.

“ಒಳಗೆಲ್ಲ ಬರೀ ಟೊಳ್ಳು ತಾನೆ ನಿಂಗರಾಜು,” ಅಂದಳು. “ಇದನ್ನ ಕಡಿಯೋಕೆ ಹನ್ನೆರಡು ಯಾಕೆ? ಎಂಟು ಮಾಡ್ಕೊ.”