ನವಿಲುಕತ್ತಿನ ಬಣ್ಣ

ಪೇಂಟರ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಮಗ ಹೌಹಾರಿದ.

"ಅಮ್ಮಾ, ಇದು ನಮ್ಮ ಮನೆ ಹಾಲ್, ಸರ್ಕಸ್ ಡೇರೆ ಅಲ್ಲ!"

ಒಳಗೆ ನೀಲಿಯೂ ಅಲ್ಲದ, ಹಸಿರೂ ಅಲ್ಲದ ನವಿಲುಕತ್ತಿನ ಬಣ್ಣ ಮಿರಮಿರ ಮಿಂಚುತ್ತಿತ್ತು. ಮಗ, ಸೊಸೆ ಕೂಡಿ ಆರಿಸಿದ್ದು ಹಳೆಯದೇ ಕೆನೆಬಣ್ಣ. ಅಮ್ಮ ಗುಟ್ಟಾಗಿ ಪೇಂಟರಿಗೆ ಹೇಳಿ ಇದನ್ನು ತರಿಸಿದ್ದಳು.

"ಇದೇನತ್ತೆ, ಈ ವಯಸ್ಸಲ್ಲಿ ಶೋಕಿ? ಬಂದವರು ಏನಂದ್ಕೋತಾರೆ?" ಸೊಸೆಗೆ ನಗು ತಡೆಯಲಾಗಲಿಲ್ಲ.

"ಏನಾದ್ರೂ ಅಂದ್ಕೊಳ್ಲಿ ಕಣೇ. ಬಂದವರು ಯಾರು ಅಂತ ನಂಗೆ ಗೊತ್ತಾದ್ರೆ ಸಾಕು."

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಮಾತು ಆಡಿದರೆ ಹೋಯಿತು, ಇನ್ನೇನು ಮಾಡುವುದು? ಎರಡು ವರ್ಷದಿಂದ ಮುಚ್ಚಿಟ್ಟಿದ್ದಳು ಪಾಪ. ಕೆನೆಬಣ್ಣದ ಗೋಡೆ, ಕೆನೆಬಣ್ಣದ ಸೋಫಾ, ಅದರ ಮೇಲೆ ಬಿಳಿ ಅಂಗಿ ತೊಟ್ಟ ಮಗ, ಎಲ್ಲವೂ ಮಂಜು ಮಂಜು. ಯಾರೇ ಬರಲಿ, ದನಿ ಕೇಳುವವರೆಗೂ ಸುಮ್ಮನೆ ಹಲ್ಲುಬಿಟ್ಟುಕೊಂಡು ಕೂರುವುದು. ಮೊನ್ನೆಯಂತೂ ಗೂಟಕ್ಕೆ ನೇತುಹಾಕಿದ್ದ ಮಗನ ಕೋಟನ್ನು "ಊಟ ಆಯ್ತೇನೋ?" ಎಂದು ಕೇಳಿ, ಅದು ಉತ್ತರ ಕೊಡಲಿಲ್ಲವೆಂದು ಸಂಜೆಯವರೆಗೂ ಮುನಿಸಿಕೊಂಡಿದ್ದಳು.

ಮಗನ ಮುಖ ಸಣ್ಣಗಾಯಿತು. "ಕಣ್ಣು ಅಷ್ಟು ಮಂದ ಆಗಿದೆ ಅಂತ ಮೊದಲೇ ಹೇಳೋದಲ್ವಾಮ್ಮ?"

"ಹೇಳಿದ್ರೆ? 'ಒಲೆ ಹತ್ರ ಹೋಗ್ಬೇಡ, ಬೀದಿಗೆ ಇಳೀಬೇಡ' ಅಂತ ಮೂಲೇಲಿ ಕೂರಿಸ್ತಿದ್ರಿ. ನಾನು ಜೀವಮಾನವಿಡೀ ಬಟ್ಟೆ ಹೊಲಿದವಳು ಕಣೋ. ಬಿಳಿ ಬಟ್ಟೆ ಮೇಲೆ ಬಿಳಿ ದಾರ ಹುಡುಕೋಕೆ ಯಾರ ಕೈಲಾಗುತ್ತೆ? ಕೆಳಗೊಂದು ಗಾಢ ಬಣ್ಣ ಇದ್ರೆ ನಂಗೆ ಈಗ್ಲೂ ಕಾಣುತ್ತೆ."

ಮಗ ಪೇಂಟರ್ ಕೈಯಿಂದ ರೋಲರ್ ಇಸಿದುಕೊಂಡು ತಾನೇ ಬಳಿಯತೊಡಗಿದ. ಗೋಡೆಗಿಂತ ಅವನ ಮೈಮೇಲೇ ಬಣ್ಣ ಜಾಸ್ತಿಯಾಗಿದೆ ಎಂದು ಸೊಸೆ ರೇಗಿಸಿದಳು. ಪೇಂಟರ್ ಕೂಡ ನಕ್ಕ, ಆಮೇಲೆ ಮಗ ಬಳಿದದ್ದನ್ನೆಲ್ಲ ಮತ್ತೊಮ್ಮೆ ಸರಿಮಾಡಿದ.

ಸಂಜೆ ಮಗ ಸ್ನಾನ ಮಾಡಿ ಬಂದು ಗೋಡೆಯ ಮುಂದೆ ನೆಟ್ಟಗೆ ನಿಂತ.

"ಅಮ್ಮಾ, ಈಗ ಕಾಣಿಸ್ತೀನಾ?"

ಅಮ್ಮ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. ಆ ಬಣ್ಣದ ಮುಂದೆ ಮಗನ ಭುಜ, ಕಿವಿ, ಮೂಗು ಎಲ್ಲ ಎದ್ದು ಕಂಡವು. ಖುಷಿಗೆ ಚಪ್ಪಾಳೆಯನ್ನೇ ತಟ್ಟಿಬಿಟ್ಟಳು. ಆಮೇಲೆ ದೃಷ್ಟಿ ಇನ್ನಷ್ಟು ಮೇಲೆ ಹೋಯಿತು. ತಟ್ಟುತ್ತಿದ್ದ ಕೈ ಹಾಗೇ ನಿಂತಿತು.

"ಅಯ್ಯೋ ನನ್ ಕಂದಾ, ನಿನ್ನ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತೋ?"